ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದ ಕೋಣ

ಬೀರು ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಕ್ಷಣ ಖುಷಿಯೇ ಆಯಿತೆನ್ನಿ. ಆ ಕೊರೋನಾ ದಿನಗಳಲ್ಲಿ ವಾಸನೆ ಗೊತ್ತಾಗುವುದೇ ಒಂದು ಮೆಡಿಕಲ್ ಸರ್ಟಿಫಿಕೇಟ್ ಆಗಿತ್ತಲ್ಲ. ಆಮೇಲೆ ನೋಡಿದರೆ ವಾಸನೆ ನಮ್ಮವರ ಸಫಾರಿಯದು. ಖುಷಿ ಅಲ್ಲಿಗೇ ಇಳಿಯಿತು.

ಸಫಾರಿ ಎಂದರೆ ನಿಮಗೇನು ನೆನಪಾಗುತ್ತದೋ ತಿಳಿಯದು. ನಮ್ಮ ಕಾಲದ ಉಡುಪಿ ಕಡೆಯವರಿಗೆ ಅದು ಬ್ಯಾಂಕ್ ಮ್ಯಾನೇಜರರೂ ಮದುಮಗನ ಸೋದರಮಾವನೂ ಹಾಕುತ್ತಿದ್ದ, ಒಂದೇ ಬಟ್ಟೆಯಲ್ಲಿ ಹೊಲಿಸಿದ ಅರ್ಧ ತೋಳಿನ ಅಂಗಿ ಮತ್ತು ಪ್ಯಾಂಟು. ಮದುವೆಯಾದ ಹೊಸದರಲ್ಲಿ ಇವರು ನನ್ನ ಅಮ್ಮನ ಎದುರು ನಾಚಿಕೊಂಡು, "ನನಗೊಂದು ಸಫಾರಿ ಮಾಡ್ಬೇಕೂಂತ ಭಾರೀ ಆಸೆ ಉಂಟು ಅತ್ತೆ" ಎಂದಿದ್ದರು. ಅಮ್ಮ ಕೂಡಲೇ, "ಅದಕ್ಕೆಂತ ಅಷ್ಟು ಯೋಚನೆ? ಅಳತೆ ಕೊಡಿ, ನಮ್ಮ ಟೈಲರ್ ಹಬ್ಬಕ್ಕೆ ಮೊದಲೇ ಕೊಡ್ತಾನೆ" ಎಂದಳು. ಹೊಲಿಸಿಯೂ ಬಿಟ್ಟಳು. ಅಳಿಯ ಕೇಳಿದ್ದು ಆಫ್ರಿಕಾದ ಶಿಕಾರಿ, ಸಿಕ್ಕಿದ್ದು ನಾಲ್ಕು ಜೇಬಿನ ಖಾಕಿ ಟೆರಿಕಾಟ್. ಆಸೆ ಅಲ್ಲಿಗೆ ತೀರಬೇಕಿತ್ತು. ತೀರಲಿಲ್ಲ, ಯಾಕೆಂದರೆ ಅವರ ತಲೆದಿಂಬಿನ ಪಕ್ಕ ಆಫ್ರಿಕಾದಲ್ಲಿ ಬೇಟೆಯಾಡಿದ ಬಿಳಿಯರು ಬರೆದ ಪುಸ್ತಕಗಳಿದ್ದವು.

ಆ ಪುಸ್ತಕಗಳ ಬಗ್ಗೆ ಹೇಳಲೇಬೇಕು. ಬರೆದ ಮಹಾಶಯರು ಬೇರೆ ಬೇರೆ, ಬೆಳಗಾಗುವುದು ಮಾತ್ರ ಎಲ್ಲದರಲ್ಲೂ ಒಂದೇ ತರಹ. ಟೆಂಟಿನ ಹೊರಗೆ ಒಬ್ಬ 'ಬಾಯ್' ಕಾಫಿ ಹಿಡಿದು ನಿಂತಿರುತ್ತಾನೆ. ತಲೆಗೂದಲು ನೆರೆತಿದ್ದರೂ ಅವನು ಬಾಯ್, ಕೊನೆಯ ಪುಟದವರೆಗೂ ಅವನಿಗೊಂದು ಹೆಸರಿಲ್ಲ. ಗುಂಡು ತಿನ್ನುವ ಆನೆಗೆ ಬೇಕಾದರೆ ಹೆಸರಿರುತ್ತದೆ. ಹುಲ್ಲು ಅಲುಗುತ್ತದೆ, ಹೀರೋ ಉಸಿರು ಹಿಡಿಯುತ್ತಾನೆ, ಪ್ರಾಣಿ ಸಾಯುವ ಮೊದಲು ಅವನನ್ನೊಮ್ಮೆ ಗೌರವದಿಂದ ನೋಡುತ್ತದೆ. ಈತ ಮುಂದೆ ಪುಸ್ತಕ ಬರೆಯಲಿದ್ದಾನೆಂದು ಅದಕ್ಕೆ ಹೇಗೆ ಗೊತ್ತಾಯಿತೋ! ಹೆಂಡತಿ ಜೊತೆಗಿದ್ದರೆ ಆಕೆಗೆ ಒಂದು ಸಾಲು: ತಲೆನೋವೆಂದು ಕ್ಯಾಂಪಿನಲ್ಲೇ ಉಳಿದಳು. ಅಷ್ಟೇ. ಭೇದಿಯಾದದ್ದು, ಬೆವರಿ ಮೈತುಂಬ ಸೆಕೆಬೊಕ್ಕೆ ಎದ್ದದ್ದು, ಹೆದರಿ ಗಂಟಲು ಒಣಗಿದ್ದು ಇವರಲ್ಲಿ ಒಬ್ಬನೂ ಬರೆಯುವುದಿಲ್ಲ.

ನಾನೂ ಇವನ್ನು ಓದಿದವಳೇ ಬಿಡಿ. ಮಂಗಳೂರಿನ ನಮ್ಮ ಕಾನ್ವೆಂಟ್ ಲೈಬ್ರರಿಯಲ್ಲಿ ಲವ್ ಸ್ಟೋರಿಗೆ ನಿಷೇಧವಿತ್ತು. ಕೊಲೆಗೆ ಅಡ್ಡಿಯಿರಲಿಲ್ಲ, ಸತ್ತದ್ದು ಪ್ರಾಣಿಯಾಗಿದ್ದರೆ ಸಾಕು. ಒಂದು ಪಾಠದಲ್ಲಿ ದೊರೆ 'ಬ್ಯಾಗ್ಡ್ ಎ ಲಯನ್' ಎಂದಿತ್ತು. ನಾನು ಎದ್ದು ನಿಂತು, "ಸಿಸ್ಟರ್, ಹೌ ಬಿಗ್ ವಾಸ್ ದ ಬ್ಯಾಗ್?" ಎಂದು ಕೇಳಿದೆ. ಇಡೀ ಕ್ಲಾಸು ನಕ್ಕಿತು.

"ಡೋಂಟ್ ಬಿ ಸಿಲ್ಲಿ, ಚೈಲ್ಡ್. ಇಟ್ ಮೀನ್ಸ್ ಹೀ ಕಿಲ್ಡ್ ಇಟ್."

"ದೆನ್ ವೈ ಡಸಂಟ್ ಹೀ ಸೇ ಸೋ, ಸಿಸ್ಟರ್?"

ಪೀರಿಯಡ್ ಮುಗಿಯುವವರೆಗೆ ಕಿಟಕಿಯ ಪಕ್ಕ ನಿಲ್ಲಬೇಕಾಯಿತು. ಕೊಂದರೆ ಬ್ಯಾಗ್, ಕೊಲ್ಲಿಸಿಕೊಳ್ಳುವುದಕ್ಕೆ ಗೇಮ್ ಎಂಬ ಹೆಸರು, ಕತ್ತರಿಸಿದ ತಲೆ ಟ್ರೋಫಿ. ಇಂಗ್ಲಿಷನ್ನು ನಾನು ತುಂಬ ಪ್ರೀತಿಸುತ್ತೇನೆ, ಕನಸೂ ಅರ್ಧ ಅದರಲ್ಲೇ ಬೀಳುತ್ತದೆ. ಆದರೆ ಈ ಒಂದು ವಿಷಯದಲ್ಲಿ ಅದು ಕೈತೊಳೆದುಕೊಂಡು ಬಂದು ಊಟಕ್ಕೆ ಕೂತ ಕಟುಕನಂತೆ ಮಾತಾಡುತ್ತದೆ.

ನಮ್ಮವರು ಆ ಮಾತಿಗೆ ಮರುಳಾದರು. ಮಣಿಪಾಲದಲ್ಲಿ, ಆಮೇಲೆ ಮಲೇಷ್ಯಾದಲ್ಲಿ, ಮೆಡಿಕಲ್ ಕಾಲೇಜಿನ ಹುಡುಗರಿಗೆ ಅನಾಟಮಿ ಕಲಿಸಿದವರು. ಜೀವಮಾನವಿಡೀ ಸತ್ತ ದೇಹಗಳ ನಡುವೆ ಇದ್ದವರಿಗೆ ಇನ್ನೊಂದು ಯಾಕೆ ಬೇಕಾಯಿತೆಂದು ನನಗಂತೂ ಅರ್ಥವಾಗಿಲ್ಲ. ಅದರಲ್ಲೂ ಇವರು ಕಾಡುಕೋಣವನ್ನೇ ಹೊಡೆಯಬೇಕಂತೆ. ಊರಲ್ಲಿ ಗದ್ದೆಗಿಳಿಸುವ ಕೋಣಗಳ ಹಗ್ಗ ಹಿಡಿ ಎಂದರೆ ತೆಂಗಿನಮರದ ಹಿಂದೆ ನಿಲ್ಲುತ್ತಿದ್ದ ಪುಣ್ಯಾತ್ಮ! ರಿಟೈರ್ ಆಗುವ ಹಿಂದಿನ ವರ್ಷ ಕೊನೆಗೂ ಆಫ್ರಿಕಾಕ್ಕೆ ಹೋದೆವು. ನಾನೂ ಹೋದೆ, ತಲೆನೋವಿಲ್ಲದೆ.

ಅಲ್ಲಿದ್ದದ್ದು ಬೇಲಿ ಹಾಕಿದ ದೊಡ್ಡ ಫಾರ್ಮ್. ಇಲ್ಲಿ ಮಲೇಷ್ಯಾದ ಮಾಮಕ್ ಎಂಬ ಊಟದಂಗಡಿಗಳಲ್ಲಿ ರೊಟ್ಟಿ, ಹುರಿದನ್ನದ ನಾಸಿ ಗೊರೆಂಗ್ ಎಂದು ಫೋಟೋ ಸಮೇತ ಮೆನು ಕೊಡುವುದಿಲ್ಲವೇ, ಹಾಗೆಯೇ ಪ್ರಾಣಿಗಳ ಮೆನು ಕೊಟ್ಟರು. ಜಿಂಕೆ ಇಷ್ಟು, ಜೀಬ್ರಾ ಇಷ್ಟು. ಆ ಪುಸ್ತಕಗಳಲ್ಲಿ ಬೇಲಿಯೂ ಇಲ್ಲ, ಮೆನುವೂ ಇಲ್ಲ. ಓದಿ ಓದಿ ಬಂದ ನಾಲ್ಕು ದೇಶಗಳ ಗಂಡಸರು, ಎಲ್ಲರೂ ಹೊಸ ಖಾಕಿಯಲ್ಲಿ, ಒಬ್ಬರನ್ನೊಬ್ಬರು ಕಾಣದವರಂತೆ ಕಾಫಿ ಕುಡಿಯುತ್ತಿದ್ದರು. ಪ್ರತಿಯೊಬ್ಬನೂ ತನ್ನ ಪುಸ್ತಕದಲ್ಲಿ ಒಬ್ಬನೇ ಹೀರೋ ಅಲ್ಲವೇ! ನಮ್ಮವರದು ಮಾತ್ರ ಅಮ್ಮ ಹೊಲಿಸಿದ ಸಫಾರಿ.

ಬೆಳಿಗ್ಗೆ ಗೈಡು ಒಂದು ಪೊದೆಯ ಹಿಂದೆ ಇವರನ್ನು ನಿಲ್ಲಿಸಿ, ಮೂರು ಕೋಲಿನ ಆಸರೆಯ ಮೇಲೆ ಬಂದೂಕು ಇಟ್ಟುಕೊಟ್ಟ. ನಾನು ಹಿಂದೆಯೇ ಇದ್ದೆ. ಎದುರಿಗೆ ಕೋಣ, ಹುಲ್ಲು ಮೇಯುತ್ತಿತ್ತು. ತಲೆ ಎತ್ತಿ ನಮ್ಮ ಕಡೆ ನೋಡಿತು. ಗೌರವ ಗಿರವ ಏನಿಲ್ಲ, ಊಟದ ನಡುವೆ ಬಾಗಿಲು ಬಡಿದವರನ್ನು ನೋಡುವಂತೆ ನೋಡಿತು. ಬಾಯಿಯಿಂದ ಹುಲ್ಲಿನ ಎಳೆಗಳು ನೇತಾಡುತ್ತಿದ್ದವು. ಗೈಡು "ಶೂಟ್, ಶೂಟ್" ಎಂದು ಪಿಸುಗುಟ್ಟಿದ. ಇವರು ನೋಡಿದರು, ನೋಡಿದರು, ಟ್ರಿಗರಿನಿಂದ ಬೆರಳನ್ನು ತೆಗೆದುಬಿಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ, "ಅದು ಉಣ್ತಾ ಉಂಟು ಮಾರಾಯ್ತಿ" ಎಂದರು.

ಅಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಗಂಡ ನನಗೆ ಅಷ್ಟು ಚೆಂದ ಕಂಡದ್ದು ಬೇರೆ ಯಾವತ್ತೂ ಇಲ್ಲ.

ಆದರೆ ಆ ಚೆಂದಕ್ಕೆ ಯಾವ ಪುಸ್ತಕದಲ್ಲೂ ಪುಟವಿಲ್ಲ ನೋಡಿ. ಹಿಂದಿರುಗುವ ವಿಮಾನದಲ್ಲಿ ಇವರು ಪರೀಕ್ಷೆಯಲ್ಲಿ ಫೇಲಾದವರಂತೆ ಮುಖ ತಗ್ಗಿಸಿ ಕೂತಿದ್ದರು. ಮಲೇಷ್ಯಾದ ಕೆಎಲ್ ಏರ್‌ಪೋರ್ಟಿಗೆ ಕರೆಯಲು ಬಂದ ಸಹೋದ್ಯೋಗಿ, "ಸೋ ಡಾಕ್ಟರ್, ಗಾಟ್ ಇಟ್ ಆ?" ಎಂದು ಕೇಳಿದ್ದೇ ತಡ, ಇವರ ಬೆನ್ನು ನೆಟ್ಟಗಾಯಿತು. "ಗಾಟ್ ಇಟ್. ತಲೆ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ." ನಾನು ಟ್ರಾಲಿ ತಳ್ಳುತ್ತ ಮುಂದೆ ನಡೆದೆ. ಅಂದಿನಿಂದ ಆ ಕೋಣದ ತಲೆ ಕಸ್ಟಮ್ಸಿನಲ್ಲೇ ಇದೆ. ಸುಬಾಂಗ್ ಜಯಾದ ನಮ್ಮ ಫ್ಲಾಟಿಗೆ ಬಂದವರೆಲ್ಲ ಖಾಲಿ ಗೋಡೆ ನೋಡಿ, "ಇನ್ನೂ ಬಿಡ್ಲಿಲ್ವಾ ಡಾಕ್ಟ್ರೇ?" ಎಂದು ವಿಚಾರಿಸುವುದು ಒಂದು ಸಂಪ್ರದಾಯವೇ ಆಗಿಹೋಯಿತು. ಇವರು ಹೇಳುವ ಕತೆಯಲ್ಲಿ ಹುಲ್ಲು ಅಲುಗತೊಡಗಿತು, ಕೋಣ ಗೌರವದಿಂದ ನೋಡತೊಡಗಿತು. ಎಲ್ಲ ಆ ಪುಸ್ತಕಗಳಿಂದ ಟಪಾವ್ ಪಾರ್ಸೆಲ್ ಕಟ್ಟಿಸಿಕೊಂಡು ತಂದ ಮಾಲು.

ಇರಲಿ, ಗಂಡಸರ ಜಂಬ ಎಂದು ಸುಮ್ಮನಿದ್ದೆ. ಲಾಕ್‌ಡೌನಿನಲ್ಲಿ ಅದು ಕೈಮೀರಿತು. ರಸ್ತೆಗಳಲ್ಲಿ ಪೊಲೀಸ್ ತಡೆ, ಹೊರಗೆ ಕಾಲಿಡುವಂತಿಲ್ಲ. ಸೈಬರ್‌ಜಯಾದಿಂದ ವೀಕೆಂಡಿಗೆಂದು ಬಂದ ಮೊಮ್ಮಗಳು ಅನಿಕಾ ನಮ್ಮಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಕನ್ನಡ ಸಂಘದ ಹುಡುಗರು ಝೂಮಿನಲ್ಲಿ ಹಿರಿಯರ ಅನುಭವ ಕೇಳುವ ಕಾರ್ಯಕ್ರಮ ಶುರು ಮಾಡಿದರು. ಇವರ ವಿಷಯ 'ನನ್ನ ಆಫ್ರಿಕಾ ಶಿಕಾರಿ'. ಅದಕ್ಕೇ ಈ ಸಫಾರಿ, ಈ ಇಸ್ತ್ರಿ.

"ಕೊನೆಗೆ ನೀನೂ ಒಂದು ಮಾತು ಹೇಳ್ಬೇಕು. ನೀನೇ ಅಲ್ವಾ ಸಾಕ್ಷಿ?" ಎಂದರು.

"ಎಂತಕ್ಕೆ ಸಾಕ್ಷಿ?" ಎಂದೆ. ಇವರು ಗುಂಡಿ ಹಾಕಿಕೊಳ್ಳುವುದರಲ್ಲಿ ಮಗ್ನರಾದರು.

ಸಂಘದ ಕಾರ್ಯದರ್ಶಿ ಬೆಂಗಳೂರಿನ ಐಟಿ ಹುಡುಗ. ಮೊದಲೇ ಫೋನು ಮಾಡಿ, "ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕ್ತೀವಿ ಆಂಟಿ. ಬಾರ್ಡರ್ ಓಪನ್ ಆದ್ ತಕ್ಷಣ ನಾನೂ ಹೋಗಿ ಒಂದು ಹೊಡ್ಕೊಂಡ್ ಬರ್ತೀನಿ, ಸರ್ ನೋಡಿ ಅಷ್ಟು ಇನ್‌ಸ್ಪೈರ್ ಆಗಿದೀನಿ" ಎಂದಿದ್ದ. ಇದು ಒಮ್ಮೆ ಯೂಟ್ಯೂಬಿಗೆ ಹೋದರೆ ಕೋಣ ಸತ್ತದ್ದೇ ನಿಜವಾಗುತ್ತದೆ. ಬೆರಳು ತೆಗೆದ ಆ ಮನುಷ್ಯ ಮಾತ್ರ, ನನಗೆ ಬೇಕಾದ ಮನುಷ್ಯ, ಎಲ್ಲೂ ಇರುವುದಿಲ್ಲ.

ಸಂಜೆ ಲ್ಯಾಪ್‌ಟಾಪ್ ಎದುರು ಇವರು, ಪಕ್ಕದಲ್ಲಿ ನಾನು. ಅನಿಕಾ ತನ್ನ ಕೋಣೆಯಿಂದ ಫೋನಿನಲ್ಲಿ ಸೇರಿಕೊಂಡಿದ್ದಳು. ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು. ಇವರು ಗಂಟಲು ಸರಿಮಾಡಿಕೊಂಡು, "ಬೆಳಗಿನ ಮಂಜು..." ಎಂದು ಪುಸ್ತಕದ ಮಂಜಿನಿಂದಲೇ ಶುರು ಮಾಡಿದರು. ನಾನು ಅವರತ್ತ ನೋಡಲಿಲ್ಲ. ಮಡಿಲಲ್ಲಿದ್ದ ನನ್ನ ಕೈಗಳನ್ನೇ ನೋಡುತ್ತ ಕುಳಿತೆ. ಹುಲ್ಲು ಅಲುಗುವಲ್ಲಿಗೆ ಬಂದಾಗ ದನಿ ತಗ್ಗಿತು. ನನಗೆ ಹೇಳುವಷ್ಟೇ ಮೆಲ್ಲಗೆ, "ಅದು ಉಣ್ತಾ ಇತ್ತು. ಬಾಯಲ್ಲಿ ಇನ್ನೂ ಹುಲ್ಲಿತ್ತು. ನನಗೆ ಆಗ್ಲಿಲ್ಲ. ಎಂತ ಮಾಡಿದ್ರೂ ಆಗ್ಲಿಲ್ಲ" ಎಂದರು.

ನಾನು ತಲೆ ಎತ್ತಿದೆ. ಪರದೆಯ ಮೇಲೆ ಎಲ್ಲರೂ ಕೈ ಬೀಸುತ್ತಿದ್ದರು. ಒಳಕೋಣೆಯಿಂದ ಅನಿಕಾ ಕಿರುಚಿದಳು. "ಅಜ್ಜಾ! ಯೂ ಆರ್ ಆನ್ ಮ್ಯೂಟ್ ಲಾ! ಹೋಲ್ ಟೈಮ್!"

ಮೊದಲಿನಿಂದಲೂ ಯಾರಿಗೂ ಒಂದಕ್ಷರ ಕೇಳಿಸಿರಲಿಲ್ಲ. ಅನಿಕಾ ಓಡಿಬಂದು ಒಂದು ಗುಂಡಿ ಒತ್ತಿ ಹೋದಳು. "ಪರ್ವಾಗಿಲ್ಲ ಸರ್, ಮೊದ್ಲಿಂದ ಹೇಳಿ" ಎಂದ ಕಾರ್ಯದರ್ಶಿ. ಇವರು ನನ್ನ ಕಡೆ ನೋಡಿದರು. ನಾನು ಅವರ ಸಫಾರಿಯ ಮಡಚಿದ ಕಾಲರನ್ನು ಸರಿಪಡಿಸಿದೆ, ಅಷ್ಟೇ. ಮತ್ತೆ ಮಂಜು, ಮತ್ತೆ ಹುಲ್ಲು. ಹುಲ್ಲು ಅಲುಗಿದ ಮೇಲೆ ಇವರು ಒಂದು ಉಸಿರು ತೆಗೆದುಕೊಂಡು, "ಗುರಿ ತಪ್ಪಿತು" ಎಂದರು.

ಚೌಕಗಳೆಲ್ಲ ಸ್ತಬ್ಧವಾದವು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಕೊನೆಗೆ ಕಾರ್ಯದರ್ಶಿ ತಡವರಿಸುತ್ತ ಕೇಳಿದ. "ಹಂಗಾದ್ರೆ... ಸರ್, ಕಸ್ಟಮ್ಸಲ್ಲಿ ಇರೋದು ಯಾರ ತಲೆ?"

ಇವರು ಮತ್ತೆ ನನ್ನ ಕಡೆ ತಿರುಗಿದರು. ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಸಾಕ್ಷಿ ಹೇಳುವ ಸರದಿ ನನ್ನದಾಯಿತು. ಲ್ಯಾಪ್‌ಟಾಪಿನ ಕಡೆ ಬಾಗಿದೆ.

"ಅದನ್ನು ಬಿಟ್ಟಾಯ್ತು ಮಗಾ," ಎಂದೆ. "ಊಟ ಅರ್ಧಕ್ಕೆ ನಿಂತಿತ್ತಲ್ಲ, ಮುಗಿಸ್ಲಿಕ್ಕೆ ಹೋಗಿದೆ."

ಯಾರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಇವರಿಗೆ ಆಯಿತು. ಮೇಜಿನ ಕೆಳಗೆ, ಯಾವ ಚೌಕಕ್ಕೂ ಕಾಣದಂತೆ, ಬಂದೂಕಿನಿಂದ ತೆಗೆದ ಆ ಬೆರಳು ನನ್ನ ಕೈಯನ್ನು ಹುಡುಕಿಕೊಂಡು ಬಂತು. ಅದಕ್ಕೂ ನುಸಿಗುಳಿಗೆಯ ವಾಸನೆ ಹತ್ತಿತ್ತು.