ತಮ್ಮನ ತಕರಾರು

ಕನ್ನಡಕದ ಅಂಗಡಿಯ ಮೇಲಿನ ಮನೆಯಲ್ಲಿದ್ದ ಆಕೆಯನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ಕುಳಿತ ತಮ್ಮ, ಕಾರಣವಿರಲಿ ಇಲ್ಲದಿರಲಿ, ಮೆಟ್ಟಿಲ ಕಡೆಗೆ ಮುಖವೆತ್ತಿ "ಅಕ್ಕಾ" ಎಂದು ಕೂಗುತ್ತಿದ್ದುದರಿಂದ ಗಾಜು ಬದಲಾಯಿಸಲು ಬಂದವರ ಬಾಯಿಗೂ ಅದೇ ಹೆಸರು ಹತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಒಬ್ಬರ ಮಾತನ್ನು ಮತ್ತೊಬ್ಬರ ಕಿವಿಗೆ ಜೋಡಿಸುವುದರಲ್ಲೇ ಆಕೆಯ ಹರೆಯವೂ ನಡುವಯಸ್ಸೂ ಸಂದಿದ್ದವು. ಮದುವೆಯ ಮಾತು ಒಂದೆರಡು ಸಲ ಬಾಗಿಲವರೆಗೆ ಬಂದು ಹಿಂದಿರುಗಿತ್ತು. ಅದಕ್ಕಾಗಿ ಆಕೆ ದೇವರನ್ನು ದೂರಿದವಳಲ್ಲ. ಕೊಡದೆ ಉಳಿಸಿಕೊಂಡದ್ದಕ್ಕಿಂತ ಕೊಟ್ಟದ್ದೇ ಹೆಚ್ಚೆಂದು ಬೆಳಗಿನ ಪ್ರಾರ್ಥನೆಯಲ್ಲಿ ನೆನೆಯುವುದು ಆಕೆಯ ರೂಢಿ.

ನಿವೃತ್ತಿಯಾದ ವರ್ಷ, ಊರಿನ ವಾರಪತ್ರಿಕೆಯ ಸಂಪಾದಕರು ಹೊಸ ಕನ್ನಡಕಕ್ಕೆಂದು ಅಂಗಡಿಗೆ ಬಂದರು. ಆಗ ಟಿ.ವಿ.ಯಲ್ಲಿ 'ತಾರಾತೀರ' ಎಂಬ ಧಾರಾವಾಹಿ ಆರಂಭವಾಗುವುದರಲ್ಲಿತ್ತು. ಭೂಮಿಯನ್ನು ತೊರೆದ ನೌಕೆಯೊಂದು ನೆಲೆಯನ್ನರಸುತ್ತ ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗುವ ಕಥೆ. ಭಾನುವಾರದ ಸಂಜೆಗೊಂದು ಕಂತು.

"ವಾರ ವಾರ ಅದನ್ನ ನೋಡಿ ಬರೆಯೋರು ಬೇಕಾಗಿದ್ದಾರೆ," ಎಂದರು ಸಂಪಾದಕರು. "ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಭೂಮಿ ಮೇಲಿನ ಕೆಲಸವೇ ಮುಗಿಯೋಲ್ಲ."

"ನಮ್ಮಕ್ಕ ಬರೀತಾಳೆ ಬಿಡಿ," ಎಂದ ತಮ್ಮ, ಅವರ ಮೂಗಿನ ಮೇಲೆ ಚೌಕಟ್ಟನ್ನು ಸರಿಪಡಿಸುತ್ತ. "ಅವಳು ಹೇಗೂ ಭೂಮಿ ಮೇಲೆ ಕಾಲಿಡೋದು ಕಮ್ಮಿ."

ತಮಾಷೆಗೆ ಆಡಿದ ಮಾತು ನಿಜವಾಯಿತು. ಅಕ್ಕ ಮೊದಲ ಕಂತನ್ನು ನೋಡಿದಳು, ಬೆರಗಾದಳು, ಆ ಬೆರಗನ್ನೆಲ್ಲ ನಾಲ್ಕು ಹಾಳೆಗಳಿಗೆ ಇಳಿಸಿದಳು. ಬರೆದದ್ದನ್ನು ತಮ್ಮನ ಎದುರು ಗಟ್ಟಿಯಾಗಿ ಓದಿದಾಗ ಅವನು ಕೊನೆಯವರೆಗೂ ಕೇಳಿ ಕೈಮುಗಿದ.

"ಅಕ್ಕಾ, ಇದು ವಿಮರ್ಶೆನೋ, ಬೀಳ್ಕೊಡುಗೆ ಸಭೆಯ ಭಾಷಣನೋ?"

"ನಿನಗೇನೋ ಗೊತ್ತು? ಎಷ್ಟು ಚೆನ್ನಾಗಿ ತೆಗೆದಿದ್ದಾರೆ!"

"ತೆಗೆದಿದ್ದಾರೆ, ಇಲ್ಲ ಅಂದೋರ್ಯಾರು? ಆದ್ರೆ ಅಷ್ಟು ಜನ ಅಷ್ಟು ವರ್ಷದಿಂದ ಆ ನೌಕೆಯಲ್ಲಿದ್ದಾರಲ್ಲ, ಒಬ್ಬನಿಗಾದ್ರೂ ಚಾಳೀಸು ಬಂತಾ? ನಕ್ಷತ್ರ ಕಾಣುತ್ತಂತೆ, ಹತ್ತಿರದ ಅಕ್ಷರ ಕಾಣಬೇಡ್ವಾ?"

ಅಕ್ಕನಿಗೆ ಮೂಗಿನ ತುದಿಗೆ ಕೋಪ ಬಂತು. ಇವನ ಬಾಯಿ ಊರಿಗೇ ಗೊತ್ತಾಗಲಿ ಎಂಬ ಹಟದಿಂದ ಆ ಮಾತನ್ನು ಹಾಗೆಯೇ ಲೇಖನದ ಅಡಿಯಲ್ಲಿ ಬರೆದು ಕಳುಹಿಸಿದಳು. ಸಂಪಾದಕರು ಅದಕ್ಕೊಂದು ಚೌಕ ಹಾಕಿ, 'ತಮ್ಮನ ತಕರಾರು' ಎಂದು ತಲೆಬರಹ ಕೊಟ್ಟು ಅಚ್ಚು ಮಾಡಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಭಾನುವಾರ ಸಂಜೆ ತಮ್ಮ ಅಂಗಡಿಯನ್ನು ಹೆಂಡತಿಯ ವಶಕ್ಕೆ ಬಿಟ್ಟು ಮೇಲೆ ಬರುವನು. ಹಳೆಯ ಷೋಕೇಸಿನ ಮೇಲೆ ಕುಳ್ಳಿರಿಸಿದ್ದ ಟಿ.ವಿ.ಯ ಮುಂದೆ ಅಕ್ಕನಿಗೆ ಬೆತ್ತದ ಕುರ್ಚಿ, ತಮ್ಮನಿಗೆ ಸ್ಟೂಲು. ಅವನ ತುಟಿಗಳ ನಡುವೆ ಒಂದು ಪುಟ್ಟ ತಿರುಪುಮೊಳೆ, ತೊಡೆಯ ಮೇಲೆ ಯಾರದೋ ಕೀಲು ಸಡಿಲವಾದ ಕನ್ನಡಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಆಕೆ ಕಣ್ಣೊರೆಸಿಕೊಳ್ಳುವ ಕಡೆಯಲ್ಲಿ ಇವನಿಗೆ ನಗು. ಕಪ್ತಾನನ ಅಂಗಿ ಸದಾ ಇಸ್ತ್ರಿಯಾಗಿಯೇ ಇರುತ್ತದಲ್ಲ, ಆ ಪುಣ್ಯಾತ್ಮ ಧೋಬಿಯನ್ನು ಒಂದು ಸಲವಾದರೂ ತೋರಿಸಬಾರದೇ ಎನ್ನುವನು. ಯಂತ್ರಮಾನವನಿಗೆ ಸಾವಿರ ಭಾಷೆ ಬರುತ್ತದೆ, ಹೆಂಡತಿ ಬೈದರೆ ಉತ್ತರ ಕೊಡಲು ಒಂದಾದರೂ ಸಾಲುತ್ತದೆಯೇ ಎಂದು ಕೇಳುವನು. ಸೋಮವಾರ ಬರೆದದ್ದನ್ನು ಅವನೆದುರು ಓದಬೇಕು, ಅವನು ಎಡವಿಸಬೇಕು, ಆಕೆ ಮುನಿದು ಮತ್ತೆ ತಿದ್ದಬೇಕು. ತಿದ್ದಿದ ಮೇಲೆ ಬರಹ ಮೊದಲಿಗಿಂತ ನೆಟ್ಟಗಾಗಿರುತ್ತಿತ್ತು. ಇದನ್ನು ಆಕೆ ಬಲ್ಲಳು, ಒಪ್ಪಿಕೊಂಡವಳಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಯಾರಾದರೂ "ಈ ವಾರ ತಮ್ಮ ಏನಂದ್ರು ಅಕ್ಕ?" ಎಂದು ಕೇಳಿದರೆ, "ಬೆವರು ನಂದು, ಹೆಸರು ಅವನದು," ಎಂದು ಗೊಣಗಿ, ಗೊಣಗುತ್ತಲೇ ಹೇಳಿಬಿಡುವಳು.

ಹೀಗೆ ನಡೆಯುತ್ತಿರಲಾಗಿ ಒಂದು ಮಧ್ಯಾಹ್ನ, ಗಿರಾಕಿಯೊಬ್ಬರ ಕಿವಿಯ ಹಿಂದೆ ಕನ್ನಡಕದ ಕಡ್ಡಿಯನ್ನು ಬಾಗಿಸಿ ನೋಡುತ್ತಿದ್ದ ತಮ್ಮನ ಬಲಗೈ ಕೆಳಗೆ ಜಾರಿತು. ಏನೋ ಹೇಳಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ಮರಳಿದಾಗ ಜೀವ ಉಳಿದಿತ್ತು, ತಿಳಿವಳಿಕೆ ಉಳಿದಿತ್ತು, ಕಣ್ಣಿನ ತುಂಟತನವೂ ಅಲ್ಪಸ್ವಲ್ಪ ಉಳಿದಿತ್ತು. ಬಲಗೈಯ ಬಲವೂ ನಾಲಗೆಯ ಮಾತೂ ಹೋಗಿದ್ದವು.

"ಮಾತು ಬರಬಹುದು, ಬರದೇನೂ ಇರಬಹುದು," ಎಂದರು ವೈದ್ಯರು. "ಅವರನ್ನ ಮಾತಿನ ನಡುವೆ ಕೂರಿಸಿ. ಬರುತ್ತೆ ಅನ್ನೋ ಹಾಗೆ ನಡ್ಕೊಳ್ಳಿ."

ಮಾತು ಕಲಿಸುವಾಕೆ ಮನೆಗೆ ಬಂದು ಚಿತ್ರಗಳನ್ನು ಮುಂದೆ ಹಿಡಿಯುವಳು. ಇದು ಹಸು, ಹಸು ಅನ್ನಿ; ಇದು ಲೋಟ, ಲೋಟ ಅನ್ನಿ. ಹುಟ್ಟಿದಂದಿನಿಂದ ಹೇಳಿಕೊಟ್ಟದ್ದನ್ನು ಹೇಳದವನು ಈಗ ಹೇಳುವನೇ? ಅವನು ಹಸುವನ್ನು ನೋಡಿ ಆಕೆಯನ್ನು ನೋಡುವನು. ಆಕೆ ನಿಟ್ಟುಸಿರು ಬಿಟ್ಟು ಚಿತ್ರವನ್ನು ಚೀಲಕ್ಕೆ ಸೇರಿಸುವಳು. ತಮ್ಮನ ಹೆಂಡತಿ ಅಂಗಡಿಯನ್ನು ತಾನೇ ನಡೆಸತೊಡಗಿದ್ದಳು. "ಮಾತಿದ್ದಾಗ ತಲೆ ತಿಂತಿದ್ರು, ಅತ್ತಿಗೆ," ಎಂದಳು ಒಂದು ದಿನ, ಗಾಜಿನ ಧೂಳು ಮೆತ್ತಿದ ಕೈಯಿಂದ ಕಣ್ಣೊರೆಸಿಕೊಳ್ಳುತ್ತ. "ಈಗ ತಿನ್ನೋರಿಲ್ಲದೆ ತಲೆ ಭಾರವಾಗಿದೆ."

ಸಂಪಾದಕರು ಒಳ್ಳೆಯ ಮನುಷ್ಯರೇ. ಕೆಲವು ವಾರ ಅಂಕಣವಿಲ್ಲದೆಯೇ ಪತ್ರಿಕೆ ತಂದರು. ಆಮೇಲೆ ಮೃದುವಾಗಿಯೇ ಕೇಳಿದರು. "ತಮ್ಮನ ಧಾಟಿ ನಿಮಗೆ ಬಾಯಿಪಾಠ. ತಕರಾರನ್ನೂ ನೀವೇ ಬರೆದುಬಿಡಿ. ಯಾರಿಗೆ ಗೊತ್ತಾಗುತ್ತೆ?"

ಅಕ್ಕ ಬರೆದು ನೋಡಿದಳು. ಅವನೇ ಆಡಿದಂತಿತ್ತು. ರೂಢಿಯಂತೆ ಅವನೆದುರು ಓದಿದಳು. ತಮ್ಮ ಕೇಳಿದ, ಕೇಳಿ ಮುಖವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಕೊಂಡ. ಉಣ್ಣುತ್ತಿರುವವನ ಎಲೆಯ ಮುಂದಿನಿಂದ ಅವನನ್ನು ಎಬ್ಬಿಸಿ ತಾನು ಕುಳಿತಂತಾಯಿತು ಆಕೆಗೆ. ಹಾಳೆಯನ್ನು ಹರಿದಳು, ಪತ್ರಿಕೆಯ ಕಚೇರಿಗೆ ತಾನೇ ಹೋಗಿ ನಿಂತಳು.

"ಚೌಕ ಇರಲಿ. ತಲೆಬರಹ ಇರಲಿ. ಒಳಗೆ ಏನೂ ಬೇಡ."

"ಖಾಲಿ ಜಾಗನಾ?" ಸಂಪಾದಕರು ಹೌಹಾರಿದರು. "ಅಕ್ಕ, ಜಾಹೀರಾತಿನವರು ಬಾಗಿಲಲ್ಲಿ ನಿಂತಿದ್ದಾರೆ. ಪತ್ರಿಕೆಗೆ ಖಾಲಿ ಜಾಗ ಅಂದ್ರೆ ಉಪವಾಸ."

"ಒಂದು ತುತ್ತಿನ ಉಪವಾಸ ಸರ್, ಸಾಯಲ್ಲ," ಎಂದಳು ಪುಟ ಜೋಡಿಸುವ ಹುಡುಗಿ, ಕಂಪ್ಯೂಟರಿನಿಂದ ಕಣ್ಣೆತ್ತದೆ. ಅವಳ ಕನ್ನಡಕ ತಮ್ಮನ ಕೈಯದೇ. "ಜಾಗ ಇಲ್ಲದಿದ್ರೆ ಮಾತು ಬಂದಾಗ ತಮ್ಮ ಎಲ್ಲಿ ಕೂರ್ತಾರೆ?"

ಖಾಲಿ ಚೌಕ ಅಚ್ಚಾಯಿತು. ಮೊದಲ ವಾರ ಜನ ಅಚ್ಚಿನ ತಪ್ಪೆಂದುಕೊಂಡರು. ಎರಡನೆಯ ವಾರ ವಿಷಯ ತಿಳಿಯಿತು. ಆಮೇಲೆ ನಡೆದದ್ದನ್ನು ಅಕ್ಕ ಬದುಕಿರುವವರೆಗೆ ಮರೆಯಲಾರಳು. ಅಂಗಡಿಗೆ ಬಂದವರು ಕೆಲಸ ಮುಗಿದ ಮೇಲೆ ಮೇಲಕ್ಕೆ ಹತ್ತಿ, ರೋಗಿಯ ಮುಂದೆ ಕುಳಿತು, ಮರುಕದ ಮಾತಾಡದೆ ಧಾರಾವಾಹಿಯ ಮೇಲೆ ವಾದ ಹೂಡುವರು. "ನಿಮ್ಮ ಕಪ್ತಾನ ಈ ವಾರ ಶುದ್ಧ ದಡ್ಡ," ಎಂದು ಬ್ರೆಡ್ಡಿನ ಅಂಗಡಿಯವರು ಕೆಣಕುವರು. ಬಸ್ಸಿನ ಡ್ರೈವರೊಬ್ಬರು ನೌಕೆಯನ್ನು ತಿರುಗಿಸುವ ರೀತಿಯೇ ಸರಿಯಿಲ್ಲವೆಂದು ಕೈಯಾಡಿಸಿ ತೋರಿಸುವರು. ಒಬ್ಬರೂ ಆ ಚೌಕವನ್ನು ತಮಗೆ ಕೊಡಿರೆಂದು ಕೇಳಲಿಲ್ಲ. ಭಗವಂತನು ಕೃಪೆ ತೋರುವಾಗ ತನ್ನ ಹೆಸರು ಹೇಳದೆ ನೆರೆಹೊರೆಯವರ ಕಾಲಿನಿಂದ ನಡೆದು ಬರುತ್ತಾನೆಂಬುದು ಆಕೆಗೆ ಆ ದಿನಗಳಲ್ಲಿ ಮನದಟ್ಟಾಯಿತು.

ಆದರೆ ಆಕೆಯ ಬರಹ ದಿನದಿಂದ ದಿನಕ್ಕೆ ಸಪ್ಪೆಯಾಗುತ್ತಿತ್ತು. ಎಡವಿಸುವವನಿಲ್ಲದೆ ಎಲ್ಲ ಕಂತುಗಳೂ ಮನೋಹರ, ಎಲ್ಲ ನಟರೂ ಸಮರ್ಥ. ಓದುಗರು ಕ್ಷಮಿಸಿದರು, ಸಂಪಾದಕರು ಸುಮ್ಮನಿದ್ದರು. ಅಷ್ಟರಲ್ಲಿ 'ತಾರಾತೀರ' ಮುಗಿಯುವ ಸಮಯ ಬಂತು. ಕೊನೆಯ ಕಂತಿನೊಡನೆ ಅಂಕಣವೂ ಮುಗಿಯುವುದು, ಚೌಕವೂ ಅಳಿಯುವುದು. ಆಕೆಯ ಮನಸ್ಸಿನಲ್ಲಿ ತಮ್ಮನ ಮಾತಿಗೂ ಆ ಚೌಕಕ್ಕೂ ಗಂಟು ಬಿದ್ದಿತ್ತು. ಚೌಕ ಖಾಲಿಯಾಗಿಯೇ ಮುಚ್ಚಿಹೋದರೆ ಅವನ ಮಾತಿನ ಬಾಗಿಲೂ ಮುಚ್ಚಿದಂತೆ ಎಂಬ ಭಯ. ವಿವೇಕ ಅಲ್ಲಗಳೆದರೂ ಭಯ ಅಲುಗಲಿಲ್ಲ.

ಆ ಭಾನುವಾರ ಬೆಳಗಿನಿಂದ ಮನೆ ತುಂಬ ಕೆಲಸ. ತಮ್ಮನಿಗೆ ಸ್ನಾನ ಮಾಡಿಸಿ, ಹಿಡಿದು ನಡೆಸಿ, ಒಗೆದ ಹಾಸಿಗೆಬಟ್ಟೆಗಳನ್ನೆಲ್ಲ ತಾರಸಿಗೆ ಹೊತ್ತು, ಸಂಜೆ ಬೆತ್ತದ ಕುರ್ಚಿಯಲ್ಲಿ ಕುಳಿತಾಗ ಅಕ್ಕನ ಮೈ ಹಣ್ಣಾಗಿತ್ತು. ಪಕ್ಕದಲ್ಲಿ ದಿಂಬುಗಳಿಗೆ ಒರಗಿ ತಮ್ಮ. ಅವನ ಹೆಂಡತಿ ಕೆಳಗೆ ಅಂಗಡಿಯಲ್ಲಿ. ನೌಕೆ ಒಂದು ಕಪ್ಪು ಧೂಳಿನ ಮೋಡವನ್ನು ಹೊಕ್ಕಿತು. ಯಾರೋ ಯಾರಿಗೋ ಎಚ್ಚರಿಕೆ ಕೊಟ್ಟರು. ಅಕ್ಕ ಮತ್ತೆ ಕಣ್ಣು ತೆರೆದಾಗ ತೆರೆಯ ಮೇಲೆ ಹಸುರು ನೆಲ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದಾರೆ! ಕಳ್ಳನೋಟದಿಂದ ತಮ್ಮನ ಕಡೆ ನೋಡಿದಳು. ಅವನು ಟಿ.ವಿ.ಯನ್ನೇ ನೋಡುತ್ತಿದ್ದ.

ಸೋಮವಾರ ಬರೆಯಲು ಕುಳಿತಾಗ ಅಂತಃಸಾಕ್ಷಿ ಒಂದು ಸಲ ಚುಚ್ಚಿತು. ಕೊನೆಯ ಕಂತು, ಕೊನೆಯ ಲೇಖನ. ನೋಡಲಿಲ್ಲವೆಂದು ಹೇಗೆ ಹೇಳುವುದು? ಆದಿಯೂ ಅಂತ್ಯವೂ ತಿಳಿದಿರಲು ನಡುವನ್ನು ಊಹಿಸಬಾರದೇ? "ಅವಸರವಿಲ್ಲದ, ಗಂಭೀರವಾದ ನಡುಭಾಗವು ಈ ಕಂತಿನ ಹೆಗ್ಗಳಿಕೆ" ಎಂದು ಬರೆದಳು. ಬರೆದ ಮೇಲೆ ಅದು ನಿಜವಿರಲೂಬಹುದೆಂದು ತೋರಿತು. ಹಾಳೆಗಳನ್ನು ಹಿಡಿದು ತಮ್ಮನ ಮುಂದೆ ಕುಳಿತು ಓದತೊಡಗಿದಳು.

'ಗಂಭೀರವಾದ ನಡುಭಾಗ' ಬಂದೊಡನೆ ತಮ್ಮನ ಎದೆಯಿಂದ ಒಂದು ಸದ್ದು ಎದ್ದಿತು. ಉಸಿರು ಸಿಕ್ಕಿಕೊಂಡಿತೆಂದು ಹೆದರಿ ಆಕೆ ನೀರಿಗೆ ಓಡಿದಳು. ಲೋಟವನ್ನು ಅವನು ಎಡಗೈಯಿಂದ ಆಚೆ ತಳ್ಳಿದ. ಆಗ ಆಕೆಗೆ ಕಂಡಿತು: ಅವನು ನಗುತ್ತಿದ್ದಾನೆ. ಒಂದು ಕಡೆಗೆ ಸರಿದ ಬಾಯಿಯಲ್ಲಿಯೇ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾನೆ. ನಗು ಇಳಿದ ಮೇಲೆ ತುಟಿಗಳು ಕೂಡಿದವು, ಬಿಡಿಸಿಕೊಂಡವು. ಕೊರಳಿನ ನರಗಳು ಬಿಗಿದವು. ಬಾವಿಯ ತಳದಿಂದ ಕೊಡವನ್ನು ಎಳೆಯುವವನಂತೆ ಅವನು ಎಳೆದ.

"ಅಕ್ಕ," ಎಂದ. ಮತ್ತೆ ಎಳೆದ. "ನಿದ್ದೆ."

ಆಕೆಯ ಮುಖಕ್ಕೆ ಮೊದಲು ಏರಿದ್ದು ನಾಚಿಕೆ. ಹೇಳಿದವನು ಯಾರೆಂಬ ಅರಿವು ಅದರ ಬೆನ್ನಿಗೇ ಬಂತು. ಹಾಳೆಗಳು ಕೈಯಿಂದ ಚೆಲ್ಲಿದವು. ಮೆಟ್ಟಿಲ ತಲೆಗೆ ಹೋಗಿ, ಎಂದೂ ಏರದ ದನಿಯಲ್ಲಿ ಕೂಗಿದಳು. ತಮ್ಮನ ಹೆಂಡತಿ, ಗಿರಾಕಿಯ ಅರ್ಧ ಬಿಚ್ಚಿದ ಕನ್ನಡಕವನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು.

"ಏನಾಯ್ತು ಅತ್ತಿಗೆ? ಬಿದ್ರಾ?"

"ಮಾತಾಡಿದ ಕಣೇ! ನಾನು ನಿದ್ದೆ ಹೊಡೆದೆ ಅಂದ!"

"ಹೊಡೆದ್ರಾ?"

"ಹೊಡೆದೆ! ಚೆನ್ನಾಗಿ ಹೊಡೆದೆ!"

ತಮ್ಮನ ಹೆಂಡತಿ ಗಂಡನ ಮುಂದೆ ಮೊಣಕಾಲೂರಿದಳು. "ಇಷ್ಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು, ತೆಗೆದ ಮೊದಲ ದಿನವೇ ಅಕ್ಕನ ಮೇಲೆ ಚಾಡಿನಾ?" ಎಂದು ಗದರಿದಳು; ಗದರುತ್ತಲೇ ಅತ್ತಳು. ಹಸು ಅನ್ನಿ ಎಂದರೆ ಬಾರದ ಮಾತು, ಲೋಟ ಅನ್ನಿ ಎಂದರೆ ಬಾರದ ಮಾತು, ಒಂದು ಸುಳ್ಳನ್ನು ತಡೆಯಲು ಬಂದಿತ್ತು. ಅಕ್ಕ ಕಣ್ಣುಮುಚ್ಚಿ ಕೈಮುಗಿದಳು. ಪ್ರಾರ್ಥನೆಗೆ ಪದಗಳೇ ಸಿಗಲಿಲ್ಲ. ಸಿಗದಿದ್ದರೂ ಆಕೆಗೆ ಕೊರತೆಯೆನಿಸಲಿಲ್ಲ.

ಆಮೇಲೆ ಸಂಪಾದಕರಿಗೆ ಫೋನು ಮಾಡಿದಳು.

"ಲೇಖನ ನಾಳೆ ಕೊಡ್ತೀನಿ. ಬರೆದದ್ದು ಸುಳ್ಳು, ಮತ್ತೆ ಬರೀಬೇಕು. ನಡುಭಾಗ ನಾನು ನೋಡಿಲ್ಲ, ನಿದ್ದೆ ಮಾಡಿದೆ. ಹಾಗಂತಲೇ ಬರೀತೀನಿ."

"ಅಕ್ಕ, ವಿಮರ್ಶಕರು ನಿದ್ದೆ ಮಾಡಿದ್ದನ್ನ ಯಾರಾದ್ರೂ ಪತ್ರಿಕೇಲಿ ಹಾಕ್ತಾರಾ?"

"ತಕರಾರು ಬಂದಿದೆ. ಹಾಕದೆ ವಿಧಿಯಿಲ್ಲ."

ಆ ಕಡೆ ಸಂಪಾದಕರು ಕಚೇರಿಗೆಲ್ಲ ಕೇಳುವಂತೆ ಕೂಗಿದ್ದೂ, ಕುರ್ಚಿಗಳು ಸರಿದದ್ದೂ ಅಕ್ಕನಿಗೆ ಕೇಳಿಸಿತು. ಪುಟ ಜೋಡಿಸುವ ಹುಡುಗಿ ಫೋನನ್ನು ಕಸಿದುಕೊಂಡಳು.

"ಎಷ್ಟು ಸಾಲು ಅಕ್ಕ?"

"ಎರಡು ಪದ ಮಗೂ. ಅಕ್ಕ, ನಿದ್ದೆ."

"ಅಷ್ಟೇನಾ? ಅಕ್ಷರ ದೊಡ್ಡದು ಮಾಡಿ ಚೌಕ ತುಂಬಿಸಲಾ?"

"ಬೇಡ. ಮಿಕ್ಕ ಜಾಗ ಹಾಗೇ ಬಿಡು. ಅವನು ಹೇಳೋದು ಇನ್ನೂ ಇದೆ."

ಫೋನಿಟ್ಟು ಬಂದು ಆಕೆ ಬೆತ್ತದ ಕುರ್ಚಿಯನ್ನು ತಮ್ಮನ ಮುಖದೆದುರಿಗೆ ಎಳೆದುಕೊಂಡಳು. "ಈಗ ಹೇಳೋ, ನಾನು ಮಲಗಿದ್ದಾಗ ಏನೇನಾಯ್ತು?" ತಮ್ಮ ಎಡಗೈಯನ್ನು ಎತ್ತಿ, ಅಂಗೈಯನ್ನು ನೌಕೆಯಂತೆ ಓರೆಮಾಡಿ, ಗಾಳಿಯಲ್ಲಿ ನಿಲ್ಲಿಸಿದ. ತುಟಿಗಳು ಕೂಡಿದವು. ಅವನು ಯಾವ ಪದವನ್ನು ಅರಸುತ್ತಿರುವನೆಂದು ಆಕೆ ಊಹಿಸಬಹುದಿತ್ತು. ಊಹಿಸಲಿಲ್ಲ; ಪೆನ್ನಿನ ಮುಚ್ಚಳ ತೆಗೆದು ಕಾದಳು.