‘ಇರು’ ಎಂದರೆ ಏನು?

ಆ ಫೋನ್ ಬಂದದ್ದು ಮಂಗಳವಾರವೋ ಬುಧವಾರವೋ, ಆಣೆ ಮಾಡಿ ಹೇಳಲಾರೆ. ಅಮೆರಿಕದ ಉತ್ತರದಂಚಿನ ನಮ್ಮೂರಲ್ಲಿ, ಸ್ಟರ್ಲಿಂಗ್ ಹೈಟ್ಸ್‌ನ ಆಫೀಸಿನಿಂದ ಟ್ರಾಯ್‌ನ ಮನೆಗೆ ಡ್ರೈವ್ ಮಾಡುತ್ತಿದ್ದೆ ಎಂಬುದು ಖಚಿತ. (ಖಚಿತವೇ? ಸದ್ಯಕ್ಕೆ ಹಾಗೆಂದುಕೊಳ್ಳೋಣ.) ಫೋನಿನಲ್ಲಿ ಫ್ಲಾರಿಡಾದ ಅಕ್ಕ.

‘ಹರಿಕೇನ್ ನಾಳೆ ಇಲ್ಲಿಗೇ ಬರುತ್ತಂತೆ. ಹೊರಡೋದಾ, ಬೇಡ್ವಾ? ನೀನೇ ಹೇಳು.’

ಹಿಂದಿನಿಂದ ಭಾವನ ದನಿ: ‘ಫೋರ್ ಇದ್ದಿದ್ದು ಈಗ ಕೆಟಗರಿ ಟೂ ಅಷ್ಟೇ ಕಣೇ. ಟೂ-ಎ ನೋ ಟೂ-ಬಿ ನೋ ಕೇಳು ನಿನ್ ತಂಗೀನ.’

ಸಿಇಟಿ ಫಾರ್ಮ್ ತುಂಬಿದ ತಲೆಮಾರಿನ ಜೋಕು. ನಮಗೆ ಕೆಟಗರಿ ಎಂದರೆ ಇವತ್ತಿಗೂ ಮೀಸಲಾತಿ. ಅಕ್ಕ, ನಾನು ಇಬ್ಬರೂ ನಕ್ಕೆವು.

ಎರಡು ವಾರದ ಹಿಂದೆ ಆ ಹರಿಕೇನ್ ಆಫ್ರಿಕಾದ ತೀರದಾಚೆ ಬರೀ ಒಂದಿಷ್ಟು ಮೋಡ. ಬೆಚ್ಚಗಿನ ಅಟ್ಲಾಂಟಿಕ್ಕಿನ ಶಾಖವನ್ನೇ ಉಂಡು, ಸುತ್ತುತ್ತ ಸುತ್ತುತ್ತ ಬೆಳೆದು, ಸಾವಿರಾರು ಮೈಲಿ ದಾಟಿ ಬಂತು. ಅಷ್ಟು ದಿನವೂ ನಾವು ಫೋನಿನಲ್ಲಿ ಅದರ ನಕ್ಷೆ ನೋಡಿದ್ದೇ ನೋಡಿದ್ದು. ಕೆಳಗೆ ಬರೆದದ್ದನ್ನು ಓದಿದೆವೇ? ಕೆಟಗರಿ ಅಳೆಯುವುದು ಗಾಳಿಯನ್ನು, ನೀರನ್ನಲ್ಲ. ಗಾಳಿ ತಗ್ಗಿದರೂ, ಅದು ಸಮುದ್ರದಲ್ಲಿ ಆಗಲೇ ನೂಕಿಕೊಂಡು ಬಂದ ನೀರು ಹಾಗೆ ತಗ್ಗುವುದಿಲ್ಲ. ಮೂವರೂ ಇಂಜಿನಿಯರುಗಳು. ಒಬ್ಬರಿಗೂ ಗೊತ್ತಿರಲಿಲ್ಲ.

ಗಾಳಿಗೆ ಅಕ್ಕನ ಮನೆಯ ಒಂದು ಹೆಂಚೂ ಹಾರಲಿಲ್ಲ. ಮರುದಿನ ಮಧ್ಯಾಹ್ನ ಬಾಗಿಲ ಸಂದಿಯಿಂದ ನೀರು ಬಂತು. ಸ್ವಲ್ಪ ಹೊತ್ತಿಗೆ ಫ್ರಿಜ್ಜು ತೇಲಿತು. ಅಕ್ಕ, ಭಾವ ಪಕ್ಕದ ಮನೆಯ ಮಹಡಿ ಹತ್ತಿ ಉಳಿದರು. ಎದುರುಮನೆಯ ಒಂಟಿ ಮುದುಕಿ ಉಳಿಯಲಿಲ್ಲ. ಆಕೆ ಬೆಳಿಗ್ಗೆ, ‘ನೀವು ಹೊರಡ್ತೀರಾ?’ ಎಂದು ಅಕ್ಕನನ್ನು ಕೇಳಿದ್ದರಂತೆ. ಅಕ್ಕ ‘ಇಲ್ಲ’ ಎಂದಳಂತೆ.

ಈಗ ಇಬ್ಬರೂ ನಮ್ಮ ಮನೆಯಲ್ಲಿದ್ದಾರೆ. ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ, ನನಗಂತೂ ರೋಸಿಹೋಗಿದೆ. ಕಳೆದ ಭಾನುವಾರ ದೇವಸ್ಥಾನದ ಊಟದ ಮನೆಯಲ್ಲೂ ಒಬ್ಬ ಆಂಟಿ ಶುರುಮಾಡಿದರು: ‘ಅಲ್ಲಮ್ಮಾ, ಟಿವಿಲಿ ಬಾಯಿ ಬಡ್ಕೋತಾ ಇದ್ರಲ್ಲ, ಹೊರಟುಬಿಡೋದಲ್ವಾ?’

ಮೂರು ವಾರದಿಂದ ಎಲ್ಲರಿಗೂ ಕೊಟ್ಟ ಉತ್ತರವನ್ನೇ ಕೊಟ್ಟೆ. ‘ಹೊರಡು ಹೊರಡು ಅಂತ ನಾನೂ ಬಡ್ಕೊಂಡೆ ಆಂಟಿ. ಕೇಳಿದ್ರೆ ತಾನೆ?’

ಅಕ್ಕ ಪುಳಿಯೋಗರೆಯಿಂದ ತಲೆ ಎತ್ತಲಿಲ್ಲ. ‘ಇಲ್ಲ ಆಂಟಿ. ಇವಳು ಇರು ಅಂದ್ಲು.’

ಆಗ ನೆನಪಾಯಿತು. ಅವಳು ಫೋನಿನಲ್ಲಿ ಕೇಳಿದ ಹೊತ್ತಿಗೆ ಹೆದ್ದಾರಿಯಿಂದ ಇಳಿಯುವ ನನ್ನ ಎಕ್ಸಿಟ್ ಬಂದಿತ್ತು, ಪಕ್ಕದಲ್ಲಿ ಟ್ರಕ್ಕಿತ್ತು. ‘ಇರು ಅಕ್ಕ’ ಅಂದಿದ್ದೆ. ತಡೆ, ಒಂದು ನಿಮಿಷ, ಎಂಬ ಅರ್ಥದಲ್ಲಿ. ಆಮೇಲೆ ‘ಹೊರಡು’ ಅಂದೆ ಎಂದೇ ಇಷ್ಟು ದಿನ ನಂಬಿದ್ದೆ. ಅಂದೆನೇ? ಅಥವಾ ಊರಿಗೆಲ್ಲ ಹೇಳಿ ಹೇಳಿ ಅದೇ ನೆನಪಾಯಿತೇ?

ವಾಪಸ್ ಬರುವಾಗ ಕಾರಿನಲ್ಲಿ ಅವಳನ್ನೇ ಕೇಳಿದೆ. ಸೀಟ್‌ಬೆಲ್ಟ್ ಎಳೆದುಕೊಂಡು, ‘ಹೀಟರ್ ಹಾಕೇ, ಚಳಿ’ ಎಂದಳು. ನಾಲ್ಕು ದಿನವಾಯಿತು. ಇವತ್ತು ಮತ್ತೆ ಕೇಳಿದೆ.

‘ಅಕ್ಕಾ, ಇರು ಅಂದ್ಮೇಲೆ ನಾನು ಇನ್ನೇನೂ ಹೇಳಲೇ ಇಲ್ವಾ?’