ನಾಲ್ಕನೆಯ ಗಾಡಿಯನ್ನು ತಡೆದ ಗಂಟೆ

ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದ ಇಪ್ಪತ್ತಾರು ವರ್ಷ, ದೆವ್ವದ ಸುದ್ದಿಗಳನ್ನು ಕಸದ ಬುಟ್ಟಿಗೆ ಹಾಕುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಖಾಲಿ ಬಂಗಲೆಯಲ್ಲಿ ದೀಪ ಕಂಡಿತು, ಘಾಟಿನ ತಿರುವಿನಲ್ಲಿ ಯಾರೋ ಕೈ ಅಡ್ಡ ಹಾಕಿದರು ಎಂದು ಬರೆದು ಕಳಿಸುವ ವರದಿಗಾರರಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಮೂರೇ. ನೀನು ನೋಡಿದೆಯಾ? ಇನ್ಯಾರು ನೋಡಿದರು? ಎಷ್ಟು ಗಂಟೆಗೆ? ಮೂರನೆಯ ಪ್ರಶ್ನೆಯ ಹೊತ್ತಿಗೆ ಹೆಚ್ಚಿನ ದೆವ್ವಗಳು ಓಡಿಹೋಗಿರುತ್ತಿದ್ದವು. ನಂಬುವವರ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ, ಸ್ವಲ್ಪ ತಾತ್ಸಾರವಿತ್ತು. ಈಗ ಹೇಳಹೊರಟಿರುವುದಕ್ಕೂ ಅದೇ ಮೂರು ಪ್ರಶ್ನೆ ಹಾಕಿಕೊಂಡಿದ್ದೇನೆ. ಮೂರಕ್ಕೂ ಉತ್ತರವಿದೆ. ಆದರೂ ಏನಾಯಿತೆಂದು ನನಗೆ ಗೊತ್ತಿಲ್ಲ.

ಪುಣೆಯಲ್ಲಿ ಮಾದರಿ ರೈಲುಗಳ ಹುಚ್ಚಿನವರ ಒಂದು ಸಣ್ಣ ಬಳಗವಿದೆ. ಆಟದ ರೈಲು ಎಂದರೆ ಅವರಿಗೆ ಮುನಿಸು. ನಿಜವಾದ ಎಂಜಿನ್ನು, ಡಬ್ಬಿ, ಸಿಗ್ನಲ್ಲುಗಳನ್ನು ಅಳತೆ ಹಿಡಿದು ಅಂಗೈಯಗಲಕ್ಕೆ ಇಳಿಸಿ, ಹಲಗೆಯ ಮೇಲೆ ಹಳಿ ಹಾಸಿ ಓಡಿಸುತ್ತಾರೆ. ವಾಕಡದ ಸಾಫ್ಟ್‌ವೇರ್ ಹುಡುಗರಿದ್ದಾರೆ, ಪಿಂಪ್ರಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಫಿಟ್ಟರುಗಳಿದ್ದಾರೆ. ವರ್ಷಕ್ಕೊಮ್ಮೆ ಯಾವುದಾದರೂ ಶಾಲೆಯ ಸಭಾಂಗಣ ಹಿಡಿದು ಎರಡು ದಿನ ಪ್ರದರ್ಶನ ಮಾಡುತ್ತಾರೆ. ನಾನು ಅಲ್ಲಿಗೆ ಮೊದಲು ಹೋದದ್ದು ಸುದ್ದಿ ಬರೆಯಲು. ಉಳಿದುಕೊಂಡದ್ದು ಹಂಚಿನಾಳ ಮಾಸ್ತರರ ದೆಸೆಯಿಂದ.

ಮಾಸ್ತರರು ಮೀಟರ್ ಗೇಜ್ ಕಾಲದಲ್ಲಿ ಬೆಳಗಾವಿ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ಪುಣೆಯ ಚಿಂಚವಾಡಕ್ಕೆ ಬಂದು ನೆಲೆಸಿ, ಆರು ವರ್ಷ ಕೂತು ಆ ಸ್ಟೇಷನ್ನನ್ನೇ ಮಾದರಿಯಾಗಿ ಕಟ್ಟಿದರು. ಹದಿನಾಲ್ಕು ಅಡಿ ಉದ್ದದ ಹಲಗೆ. ಈ ತುದಿಗೆ ಜನ ನೋಡುವ ಸ್ಟೇಷನ್ನು, ಅಲ್ಲಿಂದ ಒಂದೇ ಹಳಿ ಗುಡ್ಡದ ಸುರಂಗದೊಳಗೆ ಹೋಗುತ್ತದೆ. ಸುರಂಗದಾಚೆ, ಕರಿ ಪರದೆಯ ಹಿಂದೆ, ನೋಡುವವರಿಗೆ ಕಾಣದಂತೆ ಮೂರು ಹಳಿಗಳು. ಹೋದ ಗಾಡಿಗಳು ಅಲ್ಲಿ ನಿಂತು, ಸರದಿ ಬಂದಾಗ ತಿರುಗಿ ಬರುತ್ತವೆ. ಬೆಳಗಾವಿ ಹಾದಿಯ ದೊಡ್ಡ ಜಂಕ್ಷನ್ನಿನ ಹೆಸರಿಟ್ಟು, ಆ ಮರೆಯ ಭಾಗಕ್ಕೆ ನಾವೆಲ್ಲ ಮಿರಜ್ ಎನ್ನುತ್ತಿದ್ದೆವು.

ಓಡಿಸಲು ಇಬ್ಬರು ಬೇಕು, ಒಬ್ಬ ಈ ತುದಿಗೆ, ಒಬ್ಬ ಮಿರಜಿಗೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮಾತಾಡುವಂತಿಲ್ಲ, ಮೊಬೈಲು ಮುಟ್ಟುವಂತಿಲ್ಲ. ಎರಡೂ ಕಡೆ ಒಂದೊಂದು ಹಿತ್ತಾಳೆಯ ಗಂಟೆ, ಒಂದೊಂದು ಗುಂಡಿ. ನಾನು ಎರಡು ಸಲ ಒತ್ತಿದರೆ ಅಲ್ಲಿ ಎರಡು ಬಡಿಯುತ್ತದೆ: ಗಾಡಿ ಕಳಿಸಲೇ? ತಿರುಗಿ ಎರಡು ಬಂದರೆ, ಕಳಿಸು. ಆರು ಬಂದರೆ, ಬೇಡ, ಜಾಗವಿಲ್ಲ. ಅಸಲು ರೈಲ್ವೆಯ ಸಂಕೇತಗಳು ಇಷ್ಟು ಸುಲಭವಲ್ಲ. ನಮಗಾಗಿ ಮಾಸ್ತರರು ಇಳಿಸಿಕೊಟ್ಟದ್ದು ಇದು. ಗಾಡಿ ಸುರಂಗ ಹೊಕ್ಕ ಮೇಲೆ ಅದನ್ನು ಓಡಿಸುವುದು, ಹಳಿ ಬದಲಿಸುವುದು, ನಿಲ್ಲಿಸುವುದು ಎಲ್ಲ ಮಿರಜಿನವನ ಕೈಯಲ್ಲಿ. ಅಲ್ಲಿ ಯಾವಾಗಲೂ ಮಾಸ್ತರರೇ ಕೂರುತ್ತಿದ್ದರು. ಒಮ್ಮೆ ನಾನು ಜವಾಬು ಬರುವ ಮೊದಲೇ ಗಾಡಿ ಬಿಟ್ಟೆ. ಪರದೆ ಸರಿಸಿ ಎದ್ದು ಬಂದು, ನೋಡಲು ಬಂದವರ ಎದುರೇ ಬೈದರು.

"ಏನ್ರೀ ಪೇಪರನವ್ರ, ಜವಾಬ ಬರೂಕಿಂತ ಮದಲ ಸುದ್ದಿ ಛಾಪಿಸಿಬಿಡೂದು ನಿಮ್ಮಲ್ಲಿ ನಡೀಬಹುದು. ನಮ್ಮಲ್ಲಿ ಹಂಗ ಮಾಡಿದ್ರ ಮಂದಿ ಸಾಯ್ತಾರ."

ಅವರ ಗಂಟೆಯನ್ನು ಕೇಳಿಯೇ ಗುರುತಿಸಬಹುದಿತ್ತು. ಮೊದಲ ಬಡಿತಕ್ಕೂ ಎರಡನೆಯದಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು. ಅವರ ಸ್ಟೇಷನ್ನಿನ ಹಳೆಯ ಗಂಟೆ ಜಡವಾಗಿತ್ತಂತೆ. ಅದಕ್ಕೆ ಕಾದು ಕಾದು ಆ ಬಿಡುವು ಬೆರಳಿಗೆ ಹತ್ತಿತ್ತು. ಮಿಕ್ಕವರೆಲ್ಲ ಟಣ್‌ಟಣ್ ಎಂದು ಒಟ್ಟಿಗೆ ಬಡಿಯುವವರು.

ಆ ವರ್ಷ ಪ್ರದರ್ಶನಕ್ಕೆ ನಾಲ್ಕು ತಿಂಗಳು ಮೊದಲು ಮಾಸ್ತರರಿಗೆ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಕಣ್ಣು ತೆರೆದಿರುತ್ತಿದ್ದರು, ಆದರೆ ನಮ್ಮನ್ನು ಗುರುತಿಸುತ್ತಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಬ್ಬಳೇ ಮಗಳು ಅಂಜಲಿ ಕೆಲಸಕ್ಕೆ ರಜೆ ಹಾಕಿ ಬಂದು ನಿಂತಿದ್ದಳು. ಮನೆಗೆ ಬಂದು ಕೈಕಾಲಿನ ವ್ಯಾಯಾಮ, ಮಾತಿನ ಅಭ್ಯಾಸ ಮಾಡಿಸುತ್ತಿದ್ದ ತಜ್ಞೆ, ಇವರಿಗೆ ಏನೂ ಗ್ರಹಿಕೆಯಾಗುತ್ತಿರುವ ಹಾಗೆ ಕಾಣುವುದಿಲ್ಲ ಎಂದಿದ್ದರು. ಅಂಜಲಿ ಒಂದು ಆರೈಕೆ ಕೇಂದ್ರದಲ್ಲಿ ಹಾಸಿಗೆ ಗೊತ್ತು ಮಾಡಿದಳು. ಅಲ್ಲಿ ಮಲಗಿಸಿ, ಶುಚಿ ಮಾಡಿ, ನಳಿಗೆಯಲ್ಲಿ ಊಟ ಕೊಡುತ್ತಾರೆ, ಅಷ್ಟೇ. ಸೋಮವಾರ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಮಾಸ್ತರರ ಹೆಂಡತಿ ಇಂದೂ ಕಾಕು ಮಾತ್ರ ಒಂದೇ ಹಟ ಹಿಡಿದಿದ್ದರು: ಅವರಿಗೆ ಎಲ್ಲ ತಿಳಿಯುತ್ತದೆ, ತಿಳಿಯುವ ಮನುಷ್ಯನನ್ನು ಹಾಗೆ ಒಯ್ದು ಹಾಕಬಾರದು. ಆ ಸೋಮವಾರದ ಹಿಂದಿನ ಶನಿವಾರ, ಭಾನುವಾರವೇ ಪ್ರದರ್ಶನ. ಮಾಸ್ತರರ ಸ್ಟೇಷನ್ನು ನಿಲ್ಲಲೇಬೇಕೆಂದು ಕಾಕುವೇ ನಮ್ಮನ್ನು ಕರೆದು ಹಲಗೆಗಳನ್ನು ಒಪ್ಪಿಸಿದರು.

ಮಿರಜಿನಲ್ಲಿ ಫಡಕೆ ಕೂರುವುದೆಂದಾಯಿತು. ಬಳಗದ ಹಳಬ, ನಿವೃತ್ತ ಫಿಟ್ಟರ್. ಶನಿವಾರ ಎಲ್ಲ ಸರಿಯಾಗಿಯೇ ನಡೆಯಿತು. ನಮ್ಮ ಪ್ರದರ್ಶನದಲ್ಲಿ ಒಂದು ಪದ್ಧತಿಯಿದೆ. ಎರಡು ಗಂಟೆಗೊಮ್ಮೆ ಸಭಾಂಗಣದ ದೀಪಗಳನ್ನು ಹತ್ತು ನಿಮಿಷ ಆರಿಸುತ್ತೇವೆ. ಪುಟ್ಟ ಸ್ಟೇಷನ್ನಿನ ದೀಪಗಳು ಹೊತ್ತಿಕೊಳ್ಳುತ್ತವೆ, ಡಬ್ಬಿಗಳ ಕಿಟಕಿಗಳಲ್ಲಿ ಬೆಳಕು ಮೂಡುತ್ತದೆ. ಅದು ನಮ್ಮ ರಾತ್ರಿ ಪಾಳಿ. ಸಂಜೆ ಆರೂ ಮುಕ್ಕಾಲಿಗೆ ಕಡೆಯ ಪಾಳಿ ಶುರುವಾಗಬೇಕಿತ್ತು. ಅಷ್ಟರಲ್ಲಿ ಹೊರಗೆ ಸ್ಕೂಟರುಗಳನ್ನು ಎತ್ತಿಕೊಂಡು ಹೋಗುವ ಟ್ರಾಫಿಕ್ಕಿನವರ ಟೆಂಪೊ ಬಂದಿದೆಯೆಂದು ಯಾರೋ ಕೂಗಿದರು. ಫಡಕೆ ಪರದೆಯೊಳಗಿಂದ ಎದ್ದು, "ಆಲೋಚ್, ದೋನ್ ಮಿನಿಟಾತ್!" ಎಂದು, ಎರಡೇ ನಿಮಿಷದಲ್ಲಿ ಬಂದೆನೆಂದು ಹೇಳಿ, ನನ್ನ ಮುಂದೆಯೇ ಓಡಿದ.

ಹೇಳಿದ ಹೊತ್ತಿಗೆ ದೀಪ ಆರಿತು. ಜನ ಕಾಯುತ್ತಿದ್ದರು. ಅವನು ಬಂದನೋ ನೋಡೋಣವೆಂದು ನಾನು ಗುಂಡಿಯನ್ನು ಎರಡು ಸಲ ಒತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಗಂಟೆ ಎರಡು ಬಡಿಯಿತು. ಬಂದ, ಎಂದುಕೊಂಡು ಗಾಡಿ ಬಿಟ್ಟೆ. ಅದು ಸುರಂಗದೊಳಗೆ ಹೋಯಿತು. ಎರಡನೆಯದಕ್ಕೆ ಕೇಳಿದೆ, ಜವಾಬು ಬಂತು, ಬಿಟ್ಟೆ. ಆ ಎರಡು ಬಡಿತಗಳ ನಡುವಿನ ಬಿಡುವು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಫಡಕೆ ಮಾಸ್ತರರನ್ನು ಅನುಕರಿಸುತ್ತಿದ್ದಾನೆ, ಗೌರವಕ್ಕೆಂದು, ಎಂದು ಅಂದುಕೊಂಡೆ. ಮೂರನೆಯದೂ ಹೋಯಿತು.

ನನ್ನ ತಪ್ಪು ನಡೆದದ್ದು ಇಲ್ಲಿ. ಮೂರು ಗಾಡಿ ಹೋದ ಮೇಲೆ ಅಲ್ಲಿಂದ ಒಂದು ತಿರುಗಿ ಬರಬೇಕು, ಆಗ ಮಾತ್ರ ನಾಲ್ಕನೆಯದಕ್ಕೆ ಜಾಗ. ಅವತ್ತು ಒಂದೂ ತಿರುಗಿ ಬಂದಿರಲಿಲ್ಲ. ಮಿರಜಿನ ಮೂರೂ ಹಳಿ ತುಂಬಿವೆ ಎಂಬುದು ನನಗೆ ಹೊಳೆಯಬೇಕಿತ್ತು. ಗಮನ ಬಡಿತಗಳ ನಡುವಿನ ಆ ಬಿಡುವಿನ ಕಡೆಗಿತ್ತು. ನಾಲ್ಕನೆಯ ಗಾಡಿಗೆ ಎರಡು ಬಾರಿಸಿದೆ.

ಗಂಟೆ ಆರು ಬಡಿಯಿತು. ನಿಧಾನವಾಗಿ, ಪ್ರತಿ ಬಡಿತಕ್ಕೂ ಅದೇ ಬಿಡುವು.

ಗಾಡಿಯನ್ನು ಸಿಗ್ನಲ್ಲಿನಲ್ಲಿ ತಡೆದು ನಿಂತೆ. ಕತ್ತಲಲ್ಲಿ ಒಬ್ಬ ಚಿಕ್ಕ ಹುಡುಗಿ, "ಆಜೋಬಾ, ಗಾಡೀ ಕಾ ಥಾಂಬಲೀ?" ಎಂದು, ಗಾಡಿ ಯಾಕೆ ನಿಂತಿತೆಂದು ಅಜ್ಜನನ್ನು ಕೇಳಿದಳು. ಸಿಗ್ನಲ್ ಸಿಕ್ಕಿಲ್ಲವೆಂದು ಅಜ್ಜ ಹೇಳಿದ. "ಮ್ಹಣಜೇ ಅಗದೀ ಖರೀ ರೇಲ್ವೆ!" ಎಂದು ಹಿಂದಿನಿಂದ ಯಾರೋ ಅಂದರು, ಹಾಗಾದರೆ ಇದು ಥೇಟ್ ಅಸಲು ರೈಲ್ವೆಯೇ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೀಪ ಬಂದಾಗ ಫಡಕೆ ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದ. ಕೈಯಲ್ಲಿ ದಂಡದ ಚೀಟಿ, ಬೆವರಿದ ಮುಖ. ತನ್ನನ್ನು ಬಿಟ್ಟು ಶುರು ಮಾಡಿದ್ದಕ್ಕೆ ನನ್ನ ಮೇಲೇ ರೇಗಿದ. ನಾನು ಹೋಗಿ ಪರದೆ ಎತ್ತಿದೆ. ಒಳಗೆ ಯಾರೂ ಇರಲಿಲ್ಲ. ಮೂರು ಗಾಡಿಗಳು ಮೂರು ಹಳಿಗಳ ಮೇಲೆ, ಒಂದರ ಬಾಲ ಇನ್ನೊಂದಕ್ಕೆ ಅಡ್ಡವಾಗದಂತೆ, ಅಚ್ಚುಕಟ್ಟಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಹಳಿ ಬದಲಿಸಿ, ವೇಗದ ಗುಂಡಿ ತಿರುಗಿಸಿ, ಸರಿಯಾದ ಕಡೆ ನಿಲ್ಲಿಸಿದರೆ ಮಾತ್ರ ಅವು ಹಾಗೆ ನಿಲ್ಲುತ್ತವೆ. ಫಡಕೆ ಎರಡು ಕ್ಷಣ ನೋಡಿ, ಗುಡಿಯ ಮುಂದೆ ಬಂದವನಂತೆ ಚಪ್ಪಲಿ ಬಿಟ್ಟು ಪರದೆಯ ಹೊರಗೆ ನಿಂತ.

ಸಹಜವಾದ ಕಾರಣಗಳನ್ನೆಲ್ಲ ನಾನು ಹುಡುಕಿದ್ದೇನೆ. ತಂತಿಗಳು ಎಲ್ಲಾದರೂ ತಾಗಿ ಗಂಟೆ ತಾನಾಗಿ ಬಡಿಯಬಹುದು. ಆದರೆ ತಾಗಿದ ತಂತಿ ಮೂರು ಗಾಡಿಗೆ ಹೂಂ ಎಂದು, ಜಾಗವಿಲ್ಲದ ನಾಲ್ಕನೆಯದಕ್ಕೆ ಬೇಡವೆನ್ನುವುದಿಲ್ಲ. ಯಾರೋ ಕತ್ತಲಲ್ಲಿ ನುಗ್ಗಿ ತಮಾಷೆ ಮಾಡಿರಬಹುದು. ಆ ಸಂಕೇತ ಗೊತ್ತಿದ್ದವರು ನನ್ನನ್ನು ಬಿಟ್ಟರೆ ಆರು ಜನ. ಐವರು ಎಲ್ಲಿದ್ದರೆಂದು ಒಬ್ಬೊಬ್ಬರನ್ನೇ ಕೇಳಿ ಖಚಿತ ಮಾಡಿಕೊಂಡೆ. ಆರನೆಯವರು ಚಿಂಚವಾಡದಲ್ಲಿ ಹಾಸಿಗೆಯ ಮೇಲಿದ್ದರು. ನನ್ನ ಕಿವಿಯ ಭ್ರಮೆಯೆನ್ನೋಣವೆಂದರೆ, ಆ ಹುಡುಗಿಯ ಅಜ್ಜ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಅದರ ಪ್ರತಿ ನನ್ನ ಬಳಿ ಇದೆ. ಗಂಟೆ ಕೇಳುತ್ತದೆ, ಎಣಿಸಿದರೆ ಆರು. ಫೋನಿನ ಪ್ರಕಾರ ಆಗ ಆರು ಗಂಟೆ ಐವತ್ತೆರಡು ನಿಮಿಷ.

ಭಾನುವಾರ ಬೆಳಿಗ್ಗೆ ಮಾಸ್ತರರನ್ನು ನೋಡಲು ಹೋದೆ. ಮರುದಿನ ಅವರು ಅಲ್ಲಿರುತ್ತಿರಲಿಲ್ಲ. ಗಂಟೆಯ ವಿಷಯ ಎತ್ತಬಾರದೆಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಮಾಸ್ತರರು ಸೂರು ನೋಡುತ್ತ ಮಲಗಿದ್ದರು. ಕಾಕು ಚಹಾದ ಕಪ್ಪನ್ನು ನನ್ನ ಕೈಗೆ ಕೊಡುವ ಮೊದಲೇ ಮಾತು ತೆಗೆದರು.

"ನಿನ್ನೆ ಸಂಜೀಕ ದೇವರ ಮುಂದ ದೀಪಾ ಹಚ್ಚಿ ಬಂದು ನೋಡ್ತೀನಿ, ಎಡಗೈ ಬೆರಳಲೆ ಮಂಚದ ಸರಳು ಬಡೀಲಿಕ್ಹತ್ಯಾರ್ರೀ. ಸುಮ್ಮನ ನಡಗೂದಲ್ಲ. ಬಡದು, ತಡದು, ಮತ್ತ ಬಡದು."

"ಅವ್ವಾ, ಕೈ ನಡಗಿದ್ರೂ ನೀ ಅದನ್ನ ಬರದಿಡ್ತೀ," ಎಂದಳು ಅಂಜಲಿ ಅಡಿಗೆಮನೆಯ ಬಾಗಿಲಿನಿಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಯಿಲ್ಲದ ದಣಿವಿತ್ತು.

ಬರೆದಿಡುವುದೇನು ಎಂದು ಕೇಳಿದೆ. ರೋಗಿಯ ಚಲನೆ ಏನು ಕಂಡರೂ ಹೊತ್ತಿನ ಸಮೇತ ಬರೆಯಿರಿ ಎಂದು ತಜ್ಞೆ ಒಂದು ವಹಿ ಇಡಿಸಿದ್ದರು. ಕಾಕು ಅದನ್ನು ತಂದು ಕೊಟ್ಟರು. ಪುಟಗಟ್ಟಲೆ ದಿನಾಂಕಗಳು, ಹೆಚ್ಚಿನವುಗಳ ಎದುರು "ಇಲ್ಲ". ಕಡೆಯ ಸಾಲಿನಲ್ಲಿ, ಶನಿವಾರ: ಸಂಜೆ ೬-೫೦, ಎಡಗೈ ಬೆರಳು. ಮೊದಲ ಎಷ್ಟೋ ಎಣಿಸಲಿಲ್ಲ. ಕಡೀಕ ಆರು ಸಲ.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು.

"ನಿಮಗ ಏನೋ ಗೊತ್ತದ," ಎಂದರು. "ಹೇಳ್ರಿ. ನನ್ನ ಮಾತು ಈಕೀ ನಂಬೂದಿಲ್ಲ. ನೀವು ಪೇಪರನ್ಯಾಗ ಇದ್ದವ್ರು."

ಹೇಳಬೇಕೋ ಬೇಡವೋ ಎಂದು ನಾನು ಅಷ್ಟು ಯೋಚಿಸಿದ್ದು ಕಡಿಮೆ. ಹೇಳಿದರೆ ಒಂದು ಮನೆಯ ನಿರ್ಧಾರ ನನ್ನ ಮಾತಿನ ಮೇಲೆ ನಿಲ್ಲುತ್ತದೆ, ಮತ್ತು ಆ ಮಾತಿನ ಅರ್ಥ ನನಗೇ ಗೊತ್ತಿಲ್ಲ. ಹೇಳದಿದ್ದರೆ ಕಂಡದ್ದನ್ನು ಮುಚ್ಚಿಟ್ಟ ಹಾಗೆ. ಕಡೆಗೆ ಕಂಡದ್ದಷ್ಟನ್ನೇ, ಹೊತ್ತಿನ ಸಮೇತ, ಒಂದು ವಿಶೇಷಣವಿಲ್ಲದೆ ಹೇಳಿದೆ. ವಿಡಿಯೋ ತೋರಿಸಿದೆ. ಎರಡು ನಿಮಿಷದ ವ್ಯತ್ಯಾಸವಿದೆ ಎಂಬುದನ್ನೂ ಹೇಳಿದೆ.

ಅಂಜಲಿ ಎರಡು ಸಲ ವಿಡಿಯೋ ನೋಡಿದಳು. ಆಮೇಲೆ ಒಂದು ಚಮಚ ತಂದು ನನ್ನ ಕೈಗೆ ಕೊಟ್ಟಳು.

"ಈಗ ಕೇಳ್ರಿ ಕಾಕಾ. ನನ್ನ ಮುಂದ ಕೇಳ್ರಿ."

ಮಂಚದ ಸರಳಿನ ಮೇಲೆ ಎರಡು ಬಾರಿಸಿದೆ. ಕಾದೆವು. ಮಾಸ್ತರರ ಬೆರಳು ಹೊದಿಕೆಯ ಮೇಲೆ ಬಿದ್ದುಕೊಂಡಿತ್ತು. ಮತ್ತೆ ಬಾರಿಸಿದೆ. ಮೂರನೆಯ ಸಲವೂ. ಏನೂ ಆಗಲಿಲ್ಲ. ಅವರ ರೆಪ್ಪೆ ಕೂಡ ಅಲುಗಲಿಲ್ಲ. ಕಾಕು ಸೆರಗು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದರು. ನಾನು ಚಮಚವನ್ನು ಮೇಜಿನ ಮೇಲಿಟ್ಟೆ. ಪರೀಕ್ಷೆ ಸೋತಿತು, ವಿಷಯ ಮುಗಿಯಿತು ಎಂದುಕೊಂಡೆ.

ಅಂಜಲಿ ಬಾಲ್ಕನಿಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ಮರಾಠಿಯಲ್ಲಿ ಸ್ವಲ್ಪವೇ ಮಾತು. ಒಳಗೆ ಬಂದು ತಾಯಿಗೆ, "ನಾಳೆ ಬ್ಯಾಡಂದೀನಿ," ಎಂದಳು. ಯಾಕೆಂದು ಹೇಳಲಿಲ್ಲ.

ಮಾಸ್ತರರು ಮನೆಯಲ್ಲೇ ಉಳಿದರು. ವ್ಯಾಯಾಮ ನಡೆಯಿತು, ಮಾತಿನ ಅಭ್ಯಾಸ ನಡೆಯಿತು. ಅಂಜಲಿ ಕೆಲಸಕ್ಕೆ ಮರಳಲಿಲ್ಲ. ಅವರನ್ನು ಎತ್ತಿ ಮಲಗಿಸಿ ಕಾಕುವಿನ ಬೆನ್ನು ಹಿಡಿಯಿತು. ವಹಿಯಲ್ಲಿ ಮತ್ತೆ ಹಾಗೆ ಬರೆಯುವಂಥದ್ದು ಒಂದು ದಿನವೂ ಆಗಲಿಲ್ಲ. ಎಂಟು ತಿಂಗಳಿಗೆ, ಒಂದು ಮಧ್ಯಾಹ್ನ, ಮಾಸ್ತರರು ತೀರಿಕೊಂಡರು.

ಹದಿಮೂರನೆಯ ದಿನದ ಊಟಕ್ಕೆ ಹೋಗಿದ್ದೆ. ಕೈ ತೊಳೆಯುವ ಕಡೆ ಅಂಜಲಿ ನನ್ನನ್ನು ನಿಲ್ಲಿಸಿದಳು. ಬಹಳ ಸೊರಗಿದ್ದಳು.

"ಅವತ್ತು ನೀವು ಹೇಳಿದ್ದು ಖರೇನ ಹೌದಲ್ರೀ ಕಾಕಾ?"

"ಕಂಡದ್ದಷ್ಟೂ ಖರೆ," ಎಂದೆ.

"ನಾನೂ ಅದನ್ನ ನಂಬಿ ಎಂಟ ತಿಂಗಳು ಅಪ್ಪನ ಕೂಡ ದಿನಾ ಮಾತಾಡೀನಿ. ಆಫೀಸಿಂದು, ಸಣ್ಣಾಕಿದ್ದಾಗಿಂದು, ಯಾರಿಗೂ ಹೇಳಲಾರದ್ದೂ ಎಷ್ಟೋ ಹೇಳೀನಿ." ನಲ್ಲಿಯ ನೀರು ಹಾಗೇ ಸುರಿಯುತ್ತಿತ್ತು. "ಅವ್ರಿಗೆ ಕೇಳಸ್ತಿತ್ತೇನ್ರೀ?"

ಇಪ್ಪತ್ತಾರು ವರ್ಷ ಬೇರೆಯವರಿಗೆ ಪ್ರಶ್ನೆ ಹಾಕಿದವನು ನಾನು. ಈ ಪ್ರಶ್ನೆಯನ್ನು ಮಾತ್ರ ಯಾರಿಗೂ ಹಾಕಿರಲಿಲ್ಲ. ಕೈ ಚಾಚಿ ನಲ್ಲಿಯನ್ನು ನಿಲ್ಲಿಸಿದೆ.